ಭೋರ್ ಕೋಟೆಗಳಿಗೆ ಒಂದೇ ಕೋಲು ಸಾಕು

ಮಳೆ ಹಿಡಿಯುತ್ತಿದ್ದಂತೆ ಪುಣೆ ಜಿಲ್ಲೆಯ ಭೋರ್ ಸುತ್ತಲಿನ ಕೋಟೆಗಳತ್ತ ಚಾರಣಿಗರು ಹೊರಡುತ್ತಾರೆ. ಪಟ್ಟಣಕ್ಕೆ ಹತ್ತಿರದ್ದು ರೋಹಿಡಾ. ಒಂದಾದ ಮೇಲೊಂದರಂತೆ ಮೂರು ಬಾಗಿಲು ದಾಟಿ ಕೋಟೆ ಹೊಗಬೇಕು. ಬಿಜಾಪುರದ ಆದಿಲ್‌ಶಾಹಿ ಕಾಲದಲ್ಲಿ, 1656ರಲ್ಲಿ, ಇದರ ದುರಸ್ತಿ ನಡೆದದ್ದನ್ನು ಅಲ್ಲಿನ ಶಾಸನ ಹೇಳುತ್ತದೆ. ಇನ್ನೊಂದು ರಾಯರೇಶ್ವರ. 1645ರಲ್ಲಿ ಶಿವಾಜಿ ಸ್ವರಾಜ್ಯದ ಪ್ರತಿಜ್ಞೆ ಮಾಡಿದ್ದು ಇಲ್ಲಿನ ಶಿವಾಲಯದಲ್ಲೇ ಎಂಬುದು ಜನರ ನಂಬಿಕೆ. ಬೆಟ್ಟದ ನೆತ್ತಿಯ ಬಯಲಿನಲ್ಲಿ ಜಂಗಮ ಕುಟುಂಬಗಳು ಇಂದಿಗೂ ನೆಲೆಸಿವೆ.

ರಾಯರೇಶ್ವರದ ದಾರಿಯಲ್ಲಿ ಕಬ್ಬಿಣದ ಏಣಿ ಹತ್ತಬೇಕು. ಎರಡೂ ಕೈಯಲ್ಲಿ ಕೋಲು ಹಿಡಿದವರಿಗೆ ಇಂಥ ಕಡೆ ಕೋಲೇ ಹೊರೆ. ಒಂದೇ ಇದ್ದರೆ ಇನ್ನೊಂದು ಕೈ ಬಂಡೆಗೋ ಕಂಬಿಗೋ ಸದಾ ಸಿದ್ಧ.

ಕೋಲಿನ ನಿಜವಾದ ಉಪಕಾರ ತಿಳಿಯುವುದು ಇಳಿಯುವಾಗ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಯ ಭಾರವನ್ನೂ ಮಂಡಿ ತಡೆಯಬೇಕು. 1999ರಲ್ಲಿ ಪ್ರಕಟವಾದ ಆಸ್ಟ್ರಿಯದ ಅಧ್ಯಯನವೊಂದು, ಕೋಲುಗಳ ನೆರವಿನಿಂದ ಈ ಹೊರೆ ಶೇ 25ರವರೆಗೂ ತಗ್ಗಬಲ್ಲದು ಎಂದು ತೋರಿಸಿತು. ಅದು ಜೋಡಿ ಕೋಲುಗಳ ಲೆಕ್ಕ; ಒಂಟಿ ಕೋಲಿನಿಂದ ಅಷ್ಟನ್ನೇ ನಿರೀಕ್ಷಿಸಬಾರದು. ಆದರೂ ಜಾರುವ ಹೆಜ್ಜೆಗೆ ಅದು ಮೂರನೇ ಕಾಲು.

ಸಮತಟ್ಟು ನೆಲದಲ್ಲಿ ಕೋಲು ಊರಿ ನಿಂತಾಗ ಮೊಣಕೈ ಲಂಬ ಕೋನದಲ್ಲಿ ಮಡಚಿರಬೇಕು. ಏರುವಾಗ ಕೋಲನ್ನು ಐದರಿಂದ ಹತ್ತು ಸೆಂಟಿಮೀಟರ್ ಗಿಡ್ಡ ಮಾಡಿ, ಇಳಿಯುವಾಗ ಅಷ್ಟೇ ಉದ್ದ ಮಾಡಿ. ಇಳಿಯುವಾಗ ಮೊದಲು ಕೋಲನ್ನು ಕೆಳಗಿನ ಮೆಟ್ಟಿಲಿಗೆ ಊರಿ, ಅದು ಜಾರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕಾಲಿಡಬೇಕು. ಒಂದು ಮಂಡಿ ನೋಯುತ್ತಿದ್ದರೆ ಕೋಲು ಅದರ ಎದುರು ಬದಿಯ ಕೈಯಲ್ಲಿರಲಿ. ನೋವಿನ ಕಾಲಿನ ಜೊತೆಗೇ ಮುಂದೆ ಹೋಗಲಿ. ನೋವಿಲ್ಲದವರು ಆಗಾಗ ಕೈ ಬದಲಿಸಿದರೆ ಒಂದೇ ಭುಜ ದಣಿಯುವುದಿಲ್ಲ.

ಸಹ್ಯಾದ್ರಿಯ ಈ ಕಪ್ಪು ಬಸಾಲ್ಟ್ ಬಂಡೆ ಪಾಚಿ ಕಟ್ಟಿದರೆ ವಿಪರೀತ ಜಾರುತ್ತದೆ. ಕೆಸರಿನ ಹಾದಿಯಲ್ಲಿ ಕೋಲಿನ ಲೋಹದ ಮೊನೆ ನೆಲ ಕಚ್ಚುತ್ತದೆ, ಅದರ ಮೇಲಿನ ಪ್ಲಾಸ್ಟಿಕ್ ಬಿಲ್ಲೆ ಕೋಲು ಆಳಕ್ಕೆ ಹೂತುಹೋಗದಂತೆ ತಡೆಯುತ್ತದೆ. ರಬ್ಬರ್ ಟೊಪ್ಪಿಗೆ ಗಟ್ಟಿಯಾದ ಒಣ ನೆಲಕ್ಕೆ ಸರಿ. ಬಂಡೆಗಳ ಸಂದಿಯಲ್ಲಿ ನಡೆಯುವಾಗ ಮಣಿಕಟ್ಟಿನ ಪಟ್ಟಿಯಿಂದ ಕೈ ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಸಿಕ್ಕಿಬಿದ್ದ ಕೋಲು ಕೈಯನ್ನೂ ಎಳೆದೀತು.

ದುಬಾರಿ ಕೋಲೇ ಬೇಕೆಂದಿಲ್ಲ. ಒಣಗಿದ, ಬಿರುಕಿಲ್ಲದ, ಹಿಡಿತಕ್ಕೆ ಒಗ್ಗುವ ಬಿದಿರೂ ಆದೀತು. ಆದರೆ ಅದನ್ನು ಮಡಚಲಾಗದು. ಏಣಿ ಹತ್ತಬೇಕಾದ ರಾಯರೇಶ್ವರಕ್ಕೆ ಹೊರಟವರು ಮಡಚಿ ಚೀಲಕ್ಕೆ ಕಟ್ಟಬಹುದಾದ ಕೋಲನ್ನೇ ಒಯ್ಯುವುದು ಒಳ್ಳೆಯದು.