ಹೊರನಾಡಿನಿಂದ ಬರುವ ಪೆಟ್ಟಿಗೆ, ಅದರ ಮೇಲಿನ ಪದಗಳು

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಸಿಮಿಟ್ರಿಗಳಲ್ಲಿ ಹುಲ್ಲು ಸವರಿ, ಗೋರಿಗಳಿಗೆ ಸುಣ್ಣ ಬಳಿದು, ಹೂವು ಮೇಣದಬತ್ತಿಗಳನ್ನಿಟ್ಟು ಅಗಲಿದವರನ್ನು ಸ್ಮರಿಸುವುದು ಕಥೋಲಿಕ ಮನೆತನಗಳ ಬಹುಕಾಲದ ರೂಢಿ. ಆ ಗೋರಿಗಳಲ್ಲಿ ಕೆಲವು ದೂರದ ಊರುಗಳಿಂದ ವಿಮಾನದಲ್ಲಿ ಬಂದವರವು. ದುಡಿಮೆಗೆಂದು, ಓದಿಗೆಂದು ಮಕ್ಕಳು ಹೊರದೇಶಗಳಲ್ಲಿ ನೆಲೆಸಿರುವ ಮನೆಗಳು ಇಂದು ಹುಬ್ಬಳ್ಳಿಯ ಯಾವ ಬಡಾವಣೆಯಲ್ಲಿಲ್ಲ? ಆದುದರಿಂದ ಈ ವಾರ ಯಾರೂ ಮುಂಚಿತವಾಗಿ ಕೇಳಲು ಇಚ್ಛಿಸದ ಒಂದು ವಿಷಯವನ್ನು ಓದುಗರ ಮುಂದಿಡಲು ಬಯಸುತ್ತೇವೆ.

ಕೆಲವು ವರ್ಷಗಳ ಹಿಂದೆ ದೇಶಪಾಂಡೆ ನಗರದ ಹಿರಿಯರೊಬ್ಬರು ಸಂಜೆಯ ಬಲಿಪೂಜೆ ಮುಗಿದ ಮೇಲೆ ನಮ್ಮನ್ನು ಕಾಣಲು ಬಂದರು. ಕೊಲ್ಲಿ ರಾಷ್ಟ್ರವೊಂದರಲ್ಲಿ ದುಡಿಯುತ್ತಿದ್ದ ಅವರ ಮಗ ಹೃದಯಾಘಾತದಿಂದ ತೀರಿಕೊಂಡಿದ್ದನು. ಅವರ ಕೈಯಲ್ಲಿ ನಾಲ್ಕಾರು ಹಾಳೆಗಳಿದ್ದವು. ಒಂದು ಹಾಳೆಯ ಮೇಲೆ ಬೆರಳಿಟ್ಟು, "ಫಾದರ್, ಇದರಾಗ ನನ್ನ ಮಗನ ಹೆಸರಿನ ಮುಂದ ತೂಕಾ ಬರದಾರ, ಕಾರ್ಗೋ ಅಂತ ಬರದಾರ. ನನ್ನ ಮಗಾ ಏನು ಸಾಮಾನೇನ್ರೀ?" ಎಂದು ಕೇಳಿದರು. ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ವರ್ಷಗಟ್ಟಲೆ ಓದಿದ ನಮಗೆ ಅಂದು ಉತ್ತರ ತೋಚಲಿಲ್ಲ. ಆ ಹಾಳೆಗಳಲ್ಲಿದ್ದ ಅರ್ಧದಷ್ಟು ಪದಗಳ ಅರ್ಥವೂ ನಮಗೆ ತಿಳಿದಿರಲಿಲ್ಲ. ಈ ಲೇಖನವು ಅಂದು ಕೊಡಲಾಗದ ಉತ್ತರವನ್ನು ತಡವಾಗಿಯಾದರೂ ಕೊಡುವ ಪ್ರಯತ್ನ.

ಯಕೋಬನ ಕಾಲದಿಂದಲೂ

ಸತ್ತವರನ್ನು ಗಡಿ ದಾಟಿಸಿ ತರುವುದು ವಿಮಾನಯುಗದಲ್ಲಿ ಹುಟ್ಟಿದ ಆಸೆಯಲ್ಲ. ಈಜಿಪ್ಟಿನಲ್ಲಿ ಪ್ರಾಣಬಿಟ್ಟ ಯಕೋಬನು ತನ್ನನ್ನು ಕಾನಾನ್ ನಾಡಿನಲ್ಲಿ ಪೂರ್ವಜರ ಜೊತೆಗೆ ಹೂಳಬೇಕೆಂದು ಮಕ್ಕಳಿಂದ ಮಾತು ಪಡೆದಿದ್ದನು. ಜೋಸೆಫನು ವೈದ್ಯರಿಂದ ತಂದೆಯ ದೇಹಕ್ಕೆ ಸುಗಂಧ ದ್ರವ್ಯಗಳ ಲೇಪನ ಮಾಡಿಸಿದನೆಂದೂ ಅದಕ್ಕೆ 40 ದಿನ ಹಿಡಿಯಿತೆಂದೂ, ಫರೋಹನ ಅಪ್ಪಣೆ ಪಡೆದು ದೇಹವನ್ನು ಕೊಂಡೊಯ್ದನೆಂದೂ ಆದಿಕಾಂಡವು ತಿಳಿಸುತ್ತದೆ. ದೇಹದ ಸಂರಕ್ಷಣೆ, ಅರಸನ ಪರವಾನಗಿ, ಜೊತೆಗೆ ಹೋಗುವವರು, ಅತ್ತ ಕಡೆ ಸಮಾಧಿಯ ಸ್ಥಳ: ಇಂದಿನ ಕಾಗದಪತ್ರಗಳ ಮೂಲ ಅಂಶಗಳೆಲ್ಲವೂ ಅಲ್ಲಿವೆ.

ಹುಬ್ಬಳ್ಳಿಯ ಭಕ್ತರು ಯಾತ್ರೆ ಹೋಗುವ ಹಳೆಯ ಗೋವೆಯ ಬೊಂ ಜೇಸು ಬೆಸಿಲಿಕದಲ್ಲಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರ ಶರೀರವೂ ಹಾಗೆ ಬಂದುದೇ. ಅವರು 1552ರ ಡಿಸೆಂಬರ್ 3ರಂದು ಚೀನದ ತೀರದ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡರು. ಮುಂದೆ ಎಲುಬುಗಳನ್ನಾದರೂ ಒಯ್ಯಲು ಅನುಕೂಲವಾಗಲೆಂದು ಪೆಟ್ಟಿಗೆಯಲ್ಲಿ ಸುಣ್ಣ ತುಂಬಿ ಹೂಳಲಾಯಿತು. ಆದರೆ ಮರುವರ್ಷ ಪೆಟ್ಟಿಗೆ ತೆರೆದಾಗ ದೇಹ ಕೆಡದೆ ಉಳಿದಿತ್ತು. ಅದು ಮಲಕ್ಕೆಯ ಮಾರ್ಗವಾಗಿ 1554ರಲ್ಲಿ ಗೋವೆಯನ್ನು ಮುಟ್ಟಿತು.

ನಮ್ಮ ಕಾಲದ ಉದಾಹರಣೆ ನಮ್ಮ ಪಕ್ಕದ ಜಿಲ್ಲೆಯದೇ. ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯ ವಿದ್ಯಾರ್ಥಿ ನವೀನ್ ಶೇಖರಪ್ಪ ಗ್ಯಾನಗೌಡರ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಯುದ್ಧದ ದಾಳಿಗೆ ಬಲಿಯಾದನು. ಅವನ ಪಾರ್ಥಿವ ಶರೀರವು ಬೆಂಗಳೂರಿಗೆ ಬಂದದ್ದು ಮಾರ್ಚ್ 21ರಂದು. ಆ ಇಪ್ಪತ್ತು ದಿನಗಳ ಕಾಲ ಇಡೀ ನಾಡೇ ಆ ಮನೆಯೊಡನೆ ಕಾದಿತ್ತು. ಕಡೆಗೆ ದೇಹ ಚಳಗೇರಿಗೆ ಬಂದಿತು. ಮನೆಯವರು ತಮ್ಮ ಸಂಪ್ರದಾಯದಂತೆ ಪೂಜೆ ಸಲ್ಲಿಸಿ, ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಗಾಗಿ ದೇಹವನ್ನು ದಾವಣಗೆರೆಯ ಆಸ್ಪತ್ರೆಗೆ ದಾನ ಮಾಡಿದರು. ಮಗನನ್ನು ಕಣ್ಣಾರೆ ಕಂಡ ಮೇಲೆಯೇ ಅವನನ್ನು ಬಿಟ್ಟುಕೊಡಲು ಮನಸ್ಸು ಒಪ್ಪುತ್ತದೆ ಎಂಬುದನ್ನು ಆ ಕುಟುಂಬವು ನಮಗೆ ತೋರಿಸಿತು.

ಪದಗಳ ಅರ್ಥ

ಇನ್ನು ಆ ಹಾಳೆಗಳ ಪದಗಳಿಗೆ ಬರೋಣ. ಮೊದಲನೆಯದು 'ಹ್ಯೂಮನ್ ರಿಮೇನ್ಸ್' ಅಥವಾ 'ಮಾರ್ಟಲ್ ರಿಮೇನ್ಸ್'. ಮೃತದೇಹಕ್ಕೂ ದಹನದ ನಂತರದ ಬೂದಿಗೂ ವಿಮಾನ ಸಾಗಣೆಯವರು ಬಳಸುವ ಸಮಾನ ಹೆಸರಿದು. ಪೆಟ್ಟಿಗೆಯ ಮೇಲೆ 'ಎಚ್‌ಯುಎಂ' ಎಂಬ ಮೂರಕ್ಷರದ ಗುರುತು ಇರುವುದು ಇದರ ಸಂಕ್ಷೇಪವಾಗಿಯೇ. 'ರಿಪೇಟ್ರಿಯೇಶನ್' ಎಂದರೆ ಸ್ವದೇಶಕ್ಕೆ ಮರಳಿಸುವುದು.

'ಡೆತ್ ಸರ್ಟಿಫಿಕೇಟ್' ಎಂಬುದು ಮರಣವಾದ ದೇಶದ ಅಧಿಕಾರಿಗಳು ಕೊಡುವ ಮರಣ ಪ್ರಮಾಣಪತ್ರ. ಅಪಘಾತ ಅಥವಾ ಸಂಶಯದ ಸಾವಾದರೆ ಪೊಲೀಸರ ಮತ್ತು ನ್ಯಾಯಾಂಗದ ವಿಚಾರಣೆ ಮುಗಿಯುವ ತನಕ ದೇಹವನ್ನು ಬಿಡುವುದಿಲ್ಲ. ಬಹುಪಾಲು ವಿಳಂಬಕ್ಕೆ ಇದೇ ಕಾರಣವಾಗಿರುತ್ತದೆ. ಗುರುತು ಹಿಡಿಯುವುದೂ ಇದರೊಳಗೆ ಸೇರಿದೆ. 2024ರ ಜೂನ್ 12ರಂದು ಕುವೈತಿನ ಮಂಗಫ್‌ನಲ್ಲಿ ಕಾರ್ಮಿಕರ ವಸತಿಗೆ ಬೆಂಕಿ ಬಿದ್ದಾಗ ಗುರುತು ಪತ್ತೆಗೆ ಡಿ.ಎನ್.ಎ. ಪರೀಕ್ಷೆಯ ನೆರವು ಬೇಕಾಯಿತು. ಎರಡು ದಿನಗಳ ತರುವಾಯ ಭಾರತೀಯ ವಾಯುಪಡೆಯ ವಿಮಾನವು 45 ಮಂದಿಯ ದೇಹಗಳನ್ನು ಕೊಚ್ಚಿಗೆ ತಂದಿತು.

'ಎನ್‌ಒಸಿ' ಅಂದರೆ ನಿರಾಕ್ಷೇಪಣಾ ಪತ್ರ. ಇದನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿ ಕೊಡುತ್ತದೆ. ಆ ಕಚೇರಿ ಮರಣವನ್ನು ದಾಖಲಿಸಿ, ಮೃತರ ಪಾಸ್‌ಪೋರ್ಟನ್ನು ರದ್ದುಗೊಳಿಸುತ್ತದೆ. 'ಕ್ಯಾನ್ಸಲ್ಡ್' ಎಂಬ ಮುದ್ರೆಯನ್ನು ಕಂಡು ನೊಂದ ತಾಯಂದಿರನ್ನು ನಾವು ಕಂಡಿದ್ದೇವೆ. ರದ್ದಾದುದು ಪುಸ್ತಕವೇ ಹೊರತು ಮನುಷ್ಯನಲ್ಲ. ಸತ್ತವರ ಹೆಸರಿನಲ್ಲಿ ಬೇರೊಬ್ಬರು ಸಂಚರಿಸಬಾರದೆಂಬ ರಕ್ಷಣೆಯದು. ಯುರೋಪಿನ ಹಲವು ದೇಶಗಳ ನಡುವೆ ಮೃತದೇಹಕ್ಕೇ 'ಲೆಸೆ ಪಾಸೆ' ಎಂಬ ರಹದಾರಿ ಪತ್ರವಿದೆ. 1937ರ ಬರ್ಲಿನ್ ಒಪ್ಪಂದ ಮತ್ತು 1973ರ ಸ್ಟ್ರಾಸ್‌ಬರ್ಗ್ ಒಪ್ಪಂದ ಇದಕ್ಕೆ ಆಧಾರ.

'ಎಂಬಾಮಿಂಗ್' ಎಂದರೆ ರಕ್ತನಾಳಗಳ ಮೂಲಕ ಫಾರ್ಮಲಿನ್ ಬೆರೆತ ದ್ರವವನ್ನು ಹಾಯಿಸಿ ದೇಹ ಬೇಗನೆ ಕೆಡದಂತೆ ಮಾಡುವ ಕ್ರಿಯೆ. ಜೋಸೆಫನು ಮಾಡಿಸಿದ ಲೇಪನದ ಉದ್ದೇಶವೂ ಇದೇ. ಇದರಿಂದ ಕೆಡುವುದು ತಡವಾಗುತ್ತದೆ, ನಿಂತುಹೋಗುವುದಿಲ್ಲ. ಆದುದರಿಂದ ದೂರದ ನೆಂಟರು ಬರಲೆಂದು ಮತ್ತೆರಡು ದಿನ ಮನೆಯಲ್ಲಿಡುವ ಯೋಚನೆ ಒಳ್ಳೆಯದಲ್ಲ. 'ಹರ್ಮೆಟಿಕಲಿ ಸೀಲ್ಡ್' ಎಂದರೆ ಗಾಳಿ, ದ್ರವ ಯಾವುದೂ ಹೊರಬಾರದಂತೆ ಮುಚ್ಚಿ ಬೆಸೆದ ಪೆಟ್ಟಿಗೆ. ಒಳಗೆ ಸತುವಿನ ತಗಡಿನ ಹೊದಿಕೆ ಇರುವುದುಂಟು. ಅದನ್ನು ತೆರೆಯಬಹುದೇ ಎಂಬುದನ್ನು ಜೊತೆಯ ಪ್ರಮಾಣಪತ್ರ ನೋಡಿ, ಬಲ್ಲ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

'ಏರ್‌ವೇ ಬಿಲ್' ಎಂಬುದು ವಿಮಾನ ಸಾಗಣೆಯ ರಸೀದಿ. ಅದರಲ್ಲಿ ಕಳುಹಿಸುವವನು 'ಶಿಪ್ಪರ್', ಪಡೆದುಕೊಳ್ಳುವವನು 'ಕನ್ಸೈನಿ'. ತೂಕ ನಮೂದಿಸುವುದು ವಿಮಾನದ ಸಮತೋಲಕ್ಕೂ ಬಾಡಿಗೆಯ ಲೆಕ್ಕಕ್ಕೂ ಬೇಕಾದುದರಿಂದ. ಕನ್ಸೈನಿಯ ಹೆಸರು ಅವರ ಗುರುತುಪತ್ರದಲ್ಲಿರುವಂತೆಯೇ ಇರಬೇಕು. ನಮ್ಮ ಜನರಲ್ಲಿ ಜ್ಞಾನಸ್ನಾನದ ಹೆಸರೊಂದು, ಮನೆಯಲ್ಲಿ ಕರೆಯುವ ಹೆಸರೊಂದು, ಆಧಾರ್ ಕಾರ್ಡಿನ ಹೆಸರೊಂದು. ನಾವು ಮೇಲೆ ಹೇಳಿದ ಹಿರಿಯರ ಹೆಸರು ಹಾಳೆಯಲ್ಲಿ 'ಅಂತೋಣಿ' ಎಂದೂ ಗುರುತುಪತ್ರದಲ್ಲಿ 'ಆಂಥೋನಿ' ಎಂದೂ ಇತ್ತು. ಅಷ್ಟಕ್ಕಾಗಿ ಮಗನ ಪೆಟ್ಟಿಗೆ ವಿಮಾನ ನಿಲ್ದಾಣದಲ್ಲಿ ಅರ್ಧ ದಿನ ಉಳಿಯಿತು. ಇಲ್ಲಿ ತಾಯಿ ಬಾಗಿಲಲ್ಲೇ ಕುಳಿತಿದ್ದಳು. ಈ ಲೇಖನದಿಂದ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿರಿ.

ಕಡೆಯದು 'ಎಪಿಎಚ್‌ಒ', ಅಂದರೆ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿ. 1954ರ ಭಾರತೀಯ ವಿಮಾನ ಸಾರ್ವಜನಿಕ ಆರೋಗ್ಯ ನಿಯಮಗಳಡಿಯಲ್ಲಿ ಇವರ ಅನುಮತಿ ಬೇಕು. ಮರಣ ಪ್ರಮಾಣಪತ್ರ, ಎಂಬಾಮಿಂಗ್ ಪ್ರಮಾಣಪತ್ರ, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದಾದ ಪಾಸ್‌ಪೋರ್ಟಿನ ಪ್ರತಿ, ಈ ನಾಲ್ಕನ್ನು ಅವರು ನೋಡುತ್ತಾರೆ. ಅನುಮತಿ ಬೇಗ ದೊರೆಯಲೆಂದು ಕೇಂದ್ರ ಆರೋಗ್ಯ ಸಚಿವಾಲಯವು 2023ರ ಆಗಸ್ಟ್‌ನಲ್ಲಿ 'ಇ-ಕೇರ್' ಎಂಬ ಗಣಕಯಂತ್ರ ಜಾಲದ ವ್ಯವಸ್ಥೆಯನ್ನು ಆರಂಭಿಸಿತು. ಹುಬ್ಬಳ್ಳಿಯ ನಿಲ್ದಾಣಕ್ಕೆ ದೇಶದೊಳಗಿನ ವಿಮಾನಗಳು ಮಾತ್ರ ಬರುವುದರಿಂದ ಈ ಕಾರ್ಯ ಬೆಂಗಳೂರು, ಗೋವೆ, ಮಂಗಳೂರಿನಂಥ ನಿಲ್ದಾಣಗಳಲ್ಲಿ ನಡೆದು, ಅಲ್ಲಿಂದ ಸಾಮಾನ್ಯವಾಗಿ ಆಂಬುಲೆನ್ಸಿನಲ್ಲಿ ಊರಿಗೆ ತರಬೇಕಾಗುತ್ತದೆ.

ಖರ್ಚು, ಮತ್ತು ಇಲ್ಲಿಂದ ಕಳುಹಿಸುವಾಗ

ಹಣವಿಲ್ಲವೆಂದು ಯಾರೂ ಕೈಚೆಲ್ಲಬಾರದು. ಅನೇಕ ದೇಶಗಳಲ್ಲಿ ಕೆಲಸಗಾರನ ದೇಹವನ್ನು ಸ್ವದೇಶಕ್ಕೆ ಕಳುಹಿಸುವ ಹೊಣೆ ಕೆಲಸ ಕೊಟ್ಟವರದು. 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ರಾಯಭಾರ ಕಚೇರಿಗಳು ಅರ್ಹ ಬಡ ಕುಟುಂಬಗಳಿಗೆ ನೆರವಾಗುತ್ತವೆ. ವಲಸೆ ಅನುಮತಿ ಪಡೆದು ಹೋಗುವ ಕಾರ್ಮಿಕರಿಗೆ ಕಡ್ಡಾಯವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಗಳ ವಿಮೆಯೊಂದಿಗೆ ದೇಹ ತರುವ ವೆಚ್ಚವೂ ಸೇರಿದೆ. ಮಕ್ಕಳು ಹೊರಡುವಾಗಲೇ ಈ ಕಾಗದಗಳ ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಳ್ಳುವುದು ಲೇಸು.

ವಿದೇಶದ ಪೌರತ್ವ ಪಡೆದವರು ರಜೆಗೆಂದು ಇಲ್ಲಿಗೆ ಬಂದು ತೀರಿಕೊಂಡರೆ ದಾರಿ ತಿರುಗುಮುರುಗಾಗುತ್ತದೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂಬುದು ನಿಯಮ. ದೇಹ ಕಳುಹಿಸಬೇಕಾದರೆ ಪ್ರಮಾಣಪತ್ರ ಕೂಡಲೇ ಬೇಕು. ಪೊಲೀಸರ ನಿರಾಕ್ಷೇಪಣಾ ಪತ್ರ, ಆ ದೇಶದ ದೂತಾವಾಸದ ಒಪ್ಪಿಗೆ, ಎಂಬಾಮಿಂಗ್ ಇವು ಬೇಕೇ ಬೇಕು. ಎಂಬಾಮಿಂಗ್ ಕೆಲಸವನ್ನು ಸಾಮಾನ್ಯವಾಗಿ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದವರು ಮಾಡಿಕೊಡುತ್ತಾರೆ.

ದೇಹ ತರಲಾಗದೆ ಬೂದಿಯನ್ನೇ ತರುವ ಸಂದರ್ಭಗಳೂ ಉಂಟು. ಆಗ ದಹನದ ಪ್ರಮಾಣಪತ್ರ ಬೇಕಾಗುತ್ತದೆ. "ಫಾದರ್, ಇದು ಪಾಪವೇ?" ಎಂದು ಕೇಳುವವರಿದ್ದಾರೆ. ಪಾಪವಲ್ಲ. ಕ್ರೈಸ್ತ ವಿಶ್ವಾಸವನ್ನು ನಿರಾಕರಿಸುವ ಉದ್ದೇಶವಿಲ್ಲದಿದ್ದರೆ ದಹನಕ್ಕೆ 1963ರಿಂದಲೇ ಧರ್ಮಸಭೆಯ ಅನುಮತಿಯಿದೆ. ಆದರೂ ಭೂಸ್ಥಾಪನೆಯೇ ಅದರ ಇಷ್ಟ. ಬೂದಿಯನ್ನು ಚೆಲ್ಲಬಾರದು, ಮನೆಮಂದಿ ಹಂಚಿಕೊಳ್ಳಬಾರದು, ಸಿಮಿಟ್ರಿಯಂಥ ಪವಿತ್ರ ಸ್ಥಳದಲ್ಲಿಡಬೇಕೆಂದು 2016ರ ಬೋಧನಾಪತ್ರವು ವಿಧಿಸಿತು. ಅಲ್ಪ ಭಾಗವೊಂದನ್ನು ಮೃತರ ಬದುಕಿಗೆ ಮಹತ್ವದ್ದಾದ ಸ್ಥಳದಲ್ಲಿಡಲು ಅಧಿಕಾರಿಗಳು ಅನುಮತಿಸಬಹುದೆಂದು 2023ರ ಡಿಸೆಂಬರ್‌ನ ಟಿಪ್ಪಣಿ ಹೇಳಿದೆ.

ಸಾಮಾನೇನ್ರೀ?

ಈಗ ಆ ತಂದೆಯ ಪ್ರಶ್ನೆಗೆ ಬರುತ್ತೇವೆ. ಸಂತ ಥಾಮಸ್ ಅಕ್ವಿನಾಸರು ಈ ವಿಷಯವನ್ನು ವಿಚಾರಿಸಿದ್ದಾರೆ. ರೂಪ ಕೊಟ್ಟ ಆತ್ಮವು ಅಗಲಿದ ಮೇಲೆ ದೇಹವು ಪೂರ್ಣಾರ್ಥದಲ್ಲಿ ಬದುಕಿದ್ದವರ ದೇಹವೇ ಎನ್ನಲಾಗದು. ಆದರೂ ದ್ರವ್ಯದ ದೃಷ್ಟಿಯಿಂದ ಅದು ಅದೇ, ಮತ್ತು ತನ್ನ ಆತ್ಮವನ್ನು ಮತ್ತೆ ಕೂಡಲಿರುವಂಥದು ಎಂಬುದು ಅವರ ವಿಚಾರದ ಸಾರ. ನಮ್ಮ ಕನ್ನಡದ 'ಪಾರ್ಥಿವ ಶರೀರ' ಎಂಬ ಮಾತೂ ಅದನ್ನೇ ಸೂಚಿಸುತ್ತದೆ. ಪೃಥ್ವಿಗೆ ಸೇರಿದ್ದು ಪಾರ್ಥಿವ. ಮಣ್ಣಿನಿಂದ ಬಂದುದು ಮಣ್ಣಿಗೆ ಸೇರಲು ಕಾದಿದೆ, ಪುನರುತ್ಥಾನದ ನಿರೀಕ್ಷೆಯಲ್ಲಿ.

ಸರಕಾದರೆ ಅದರ ತಂದೆಯ ಹೆಸರನ್ನು ಯಾರೂ ಕೇಳರು. ಅದು ಹೇಗೆ ಕೊನೆಗೊಂಡಿತೆಂದು ವೈದ್ಯರು ಸಹಿ ಹಾಕರು. ದೇಶವೊಂದು ತನ್ನ ಆಕ್ಷೇಪಣೆಯಿಲ್ಲವೆಂದು ಮುದ್ರೆ ಒತ್ತದು. ಆ ಒಣ ಪದಗಳಲ್ಲಿ ಪ್ರತಿಯೊಂದರ ಹಿಂದೆಯೂ ಹೊಣೆ ಹೊತ್ತ ಒಬ್ಬ ಮನುಷ್ಯನಿದ್ದಾನೆ: ತೊಳೆದವನು, ಪೆಟ್ಟಿಗೆ ಬೆಸೆದವನು, ಬರೆದವನು, ಹೊತ್ತವನು. ಮೃತರನ್ನು ಹೂಳುವುದು ಶಾರೀರಿಕ ದಯಾಕಾರ್ಯಗಳಲ್ಲಿ ಒಂದೆಂದು ಜ್ಞಾನೋಪದೇಶದಲ್ಲಿ ನಾವೆಲ್ಲರೂ ಕಲಿತಿದ್ದೇವೆ. ತಿಳಿದೋ ತಿಳಿಯದೆಯೋ ಅವರೆಲ್ಲರೂ ಆ ಕಾರ್ಯದಲ್ಲಿ ಪಾಲುಗೊಂಡವರು.

ಕನ್ಸೈನಿ ಎಂಬ ಪದದ ತಿರುಳು 'ಒಪ್ಪಿಸಿಕೊಳ್ಳುವವನು' ಎಂದು. ಆ ಹಿರಿಯರು ಅಂದು ಮಗನನ್ನು ಒಪ್ಪಿಸಿಕೊಂಡರು. ಮರುದಿನ ಸಿಮಿಟ್ರಿಯಲ್ಲಿ ಪ್ರಾರ್ಥನೆಯೊಡನೆ ದೇವರಿಗೆ ಒಪ್ಪಿಸಿದರು. ಮಣ್ಣು ಹಾಕಿದ ಮೇಲೆ ಅವರು ಆ ಹಾಳೆಗಳನ್ನು ಹರಿಯಲಿಲ್ಲ. ಮಡಚಿ ಜೇಬಿನಲ್ಲಿಟ್ಟುಕೊಂಡು ಮನೆಗೆ ನಡೆದರು. ಈ ನವೆಂಬರಿನಲ್ಲಿ ನಮ್ಮವರ ಗೋರಿಗಳ ಬಳಿ ನಿಂತಾಗ, ಹೊರನಾಡಿನಲ್ಲಿ ಅಗಲಿ ಇನ್ನೂ ಊರು ಸೇರದವರಿಗಾಗಿ, ಬಾಗಿಲಲ್ಲಿ ಕುಳಿತು ಕಾಯುತ್ತಿರುವ ತಾಯಂದಿರಿಗಾಗಿ ಒಂದು ಪ್ರಾರ್ಥನೆಯನ್ನು ಸೇರಿಸೋಣ.