ಬೀಜದ ಜಗಳ ಯಾವ ಕೋರ್ಟಿಗೆ ಹೋಗುತ್ತೆ?

ಹತ್ತಿ ಬೆಳೆಯುವ ಗೆಳೆಯರು ಆಗಾಗ ಕೇಳ್ತಾರೆ: ಬಿಟಿ ಹತ್ತಿ ಪೇಟೆಂಟ್ ಕೇಸಲ್ಲಿ ಕೊನೆಗೆ ಗೆದ್ದೋರು ಯಾರು? ಯಾರೂ ಇಲ್ಲ. ಅದಕ್ಕೆ ಕಾರಣ ವಿಜ್ಞಾನಕ್ಕಿಂತ ಹೆಚ್ಚಾಗಿ ನಮ್ಮ ಕೋರ್ಟುಗಳ ವ್ಯವಸ್ಥೆ ಅಂತ ನನಗನ್ನಿಸುತ್ತೆ.

ಬೀಜದ ಪಾಕೀಟಿನ ಬೆಲೆಯಲ್ಲಿ ಸೇರಿರುತ್ತಿದ್ದ ತಂತ್ರಜ್ಞಾನ ಶುಲ್ಕದ ಬಗ್ಗೆ ಮಾನ್ಸಾಂಟೊ ಮತ್ತು ನುಜಿವೀಡು ಸೀಡ್ಸ್ ನಡುವೆ ಜಗಳ ಹತ್ತಿತು. 2016ರಲ್ಲಿ ಕೇಸು ದೆಹಲಿ ಹೈಕೋರ್ಟಿಗೆ ಹೋಯಿತು. ಪೇಟೆಂಟ್ ಸರಿಯೋ ತಪ್ಪೋ ಅನ್ನೋದು ಸಾಕ್ಷಿ ವಿಚಾರಣೆ ಆದ ಮೇಲೆ ತೀರ್ಮಾನ ಆಗಲಿ ಅಂತ 2017ರಲ್ಲಿ ಏಕಸದಸ್ಯ ಪೀಠ ಹೇಳಿತು. 2018ರ ಏಪ್ರಿಲ್‌ನಲ್ಲಿ ವಿಭಾಗೀಯ ಪೀಠ ವಿಚಾರಣೆಗೆ ಕಾಯದೆ ಪೇಟೆಂಟನ್ನೇ ಅಸಿಂಧು ಮಾಡಿತು. ಗಿಡ, ಬೀಜಗಳಿಗೆ ಪೇಟೆಂಟ್ ಕೊಡಬಾರದು ಅನ್ನೋ 3(ಜೆ) ಕಲಮು ಅದಕ್ಕೆ ಆಧಾರ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿ, ಇಂಥ ತಾಂತ್ರಿಕ ವಿಷಯಕ್ಕೆ ತಜ್ಞರ ಸಾಕ್ಷಿ ಬೇಕು ಅಂತ ಕೇಸನ್ನು ಮತ್ತೆ ಏಕಸದಸ್ಯ ಪೀಠಕ್ಕೇ ಕಳಿಸಿತು.

ಈಗ ತಾರೀಕು ನೋಡಿ. ಆ ಪೇಟೆಂಟಿನ 20 ವರ್ಷದ ಅವಧಿ ಮುಗಿದದ್ದು ಅದೇ 2019ರ ನವೆಂಬರ್‌ನಲ್ಲಿ! 2021ರಲ್ಲಿ ಎರಡೂ ಕಡೆಯವರು ರಾಜಿಯಾದರು. ಬೀಜದೊಳಗೆ ಸೇರಿದ ಜೀನಿಗೆ ಪೇಟೆಂಟ್ ಇರಬಹುದಾ ಅನ್ನೋ ಪ್ರಶ್ನೆ ಹಾಗೇ ಉಳೀತು.

ಜರ್ಮನಿಯಲ್ಲಿ ಈ ಕೆಲಸ ಎರಡು ಪಾಲು. ಪೇಟೆಂಟ್ ಸಿಂಧುವಾ ಅಂತ ನೋಡೋದು ಮ್ಯೂನಿಕ್‌ನ ಫೆಡರಲ್ ಪೇಟೆಂಟ್ ಕೋರ್ಟು, ಉಲ್ಲಂಘನೆ ಆಗಿದೆಯಾ ಅಂತ ನೋಡೋದು ಪ್ರಾದೇಶಿಕ ಕೋರ್ಟುಗಳು. ಎಷ್ಟೋ ಸಲ ಎರಡನೆಯದೇ ಮೊದಲು ಮುಗಿದು, ಪೇಟೆಂಟ್ ಸರಿಯಿದೆಯಾ ಅಂತ ತಿಳಿಯೋ ಮೊದಲೇ ಮಾರಾಟಕ್ಕೆ ತಡೆ ಬಿದ್ದುಬಿಡುತ್ತೆ. ನಮ್ಮಲ್ಲಿ ಒಂದೇ ಕೋರ್ಟು ಎರಡನ್ನೂ ನೋಡಬಹುದು. ದಾವೆ ಜಿಲ್ಲಾ ಮಟ್ಟದ ಕೋರ್ಟಿನಲ್ಲಿ ಶುರುವಾಗಿದ್ದರೂ, ಎದುರಾಳಿ "ಪೇಟೆಂಟನ್ನೇ ರದ್ದು ಮಾಡಿ" ಅಂತ ಪ್ರತಿದಾವೆ ಹಾಕಿದರೆ ಪೂರ್ತಿ ಕೇಸು ಹೈಕೋರ್ಟಿಗೆ ಹೋಗುತ್ತೆ. ಸಣ್ಣವರಿಗೆ ನಮ್ಮ ಪದ್ಧತಿಯೇ ವಾಸಿ ಅನ್ನೋದು ನನ್ನ ಲೆಕ್ಕ. ಆದರೆ ವಿಚಾರಣೆ ಬೇಗ ನಡೀಬೇಕಲ್ಲ!

ಇದೆಲ್ಲ ಕಂಪನಿಗಳ ಜಗಳ, ನಮಗೇನು ಅಂತೀರಾ? 2019ರಲ್ಲಿ ಗುಜರಾತಿನ ಆಲೂಗಡ್ಡೆ ರೈತರ ಮೇಲೆ ಪೆಪ್ಸಿಕೋ ಅಹಮದಾಬಾದಿನ ಕೋರ್ಟಿನಲ್ಲಿ ದಾವೆ ಹಾಕಿ, ನಾಲ್ವರಿಂದ ತಲಾ 1 ಕೋಟಿ ರೂಪಾಯಿಗೂ ಮೀರಿ ಪರಿಹಾರ ಕೇಳಿತ್ತು. ಅದು ಪೇಟೆಂಟ್ ಅಲ್ಲ, ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಕೇಸು. ವಿರೋಧ ಜೋರಾದ ಮೇಲೆ ಕಂಪನಿ ದಾವೆ ಹಿಂದಕ್ಕೆ ತಗೊಂಡಿತು. ತಳಿ ನೋಂದಣಿಯ ಜಗಳ ಮಾತ್ರ ಬೇರೆ ದಾರಿ ಹಿಡೀತು: 2021ರಲ್ಲಿ ಸಸ್ಯ ತಳಿ ಪ್ರಾಧಿಕಾರ ರದ್ದು ಮಾಡಿತು, 2023ರಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು, 2024ರ ಜನವರಿಯಲ್ಲಿ ವಿಭಾಗೀಯ ಪೀಠ ತಿರುಗಿಸಿತು.

ಬೀಜ ಇಟ್ಟುಕೊಳ್ಳೋರು ಆ ಕಾಯ್ದೆಯ ಎರಡು ಕಲಮು ಮೊಬೈಲಲ್ಲಿ ಸೇವ್ ಮಾಡ್ಕೊಳ್ಳಿ. 39ನೇ ಕಲಮು: ಬೀಜ ಉಳಿಸೋದು, ಬಿತ್ತೋದು, ಹಂಚೋದು, ಮಾರೋದು ಎಲ್ಲಾ ರೈತನ ಹಕ್ಕು, ಬ್ರ್ಯಾಂಡ್ ಲೇಬಲ್ ಹಚ್ಚಿ ಮಾರುವಂತಿಲ್ಲ, ಅಷ್ಟೇ. 44ನೇ ಕಲಮು: ಈ ಕಾಯ್ದೆಯಡಿ ಪ್ರಾಧಿಕಾರ ಮತ್ತು ಹೈಕೋರ್ಟಿನ ಮುಂದೆ ರೈತ ಶುಲ್ಕ ಕಟ್ಟಬೇಕಿಲ್ಲ. ದಾವೆ ಶುರುವಾಗೋ ಜಿಲ್ಲಾ ಕೋರ್ಟಿನ ಹೆಸರು ಮಾತ್ರ ಆ ಕಲಮಿನಲ್ಲಿಲ್ಲ.