ರಂಗೋಲಿ ಇಲ್ಲದ ಬಾಗಿಲು

ಹಳ್ಳಿಯಿರಲಿ, ಪೇಟೆಯ ಹಳೆಯ ಬೀದಿಯಿರಲಿ, ಬೆಳಗಾದರೆ ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಾರೆ. ಹಾದುಹೋಗುವವರು ಅದನ್ನು ಗಮನಿಸುವುದೇ ಇಲ್ಲ. ಆದರೆ ಒಂದು ಮನೆಯ ಮುಂದೆ ಹೊತ್ತೇರಿದರೂ ರಂಗೋಲಿ ಕಾಣದಿದ್ದರೆ ಪಕ್ಕದ ಮನೆಯಾಕೆ ನಿಂತು ಕೇಳುತ್ತಾರೆ: "ಯಾಕಮ್ಮ, ಏನಾಯ್ತು?"

ನಮ್ಮ ರಕ್ತದಲ್ಲಿಯೂ ಹೀಗೆ ಇಲ್ಲದ್ದನ್ನು ಗುರುತಿಸುವ ಕಾವಲುಗಾರರಿದ್ದಾರೆ. ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯ ಇವುಗಳ ಹೆಸರು 'ನ್ಯಾಚುರಲ್ ಕಿಲ್ಲರ್' ಕೋಶಗಳು; ಚುಟುಕಾಗಿ ಎನ್‌ಕೆ ಕೋಶಗಳು. ಸೋಂಕು ತಗಲಿದ ಕೋಶವನ್ನೂ ಕ್ಯಾನ್ಸರ್ ಕೋಶವನ್ನೂ ಇವು ಕೊಲ್ಲಬಲ್ಲವು. ಆದರೆ ಆರೋಗ್ಯವಂತ ಕೋಶಗಳನ್ನು ಏಕೆ ಮುಟ್ಟುವುದಿಲ್ಲ? ಉತ್ತರದ ಒಂದು ಭಾಗ 'ಕೆಐಆರ್2ಡಿಎಲ್1' ಎಂಬ ವಂಶವಾಹಿಯಲ್ಲಿದೆ.

ವಿದ್ಯಾರ್ಥಿಯ ಊಹೆ

1975ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ರೋಲ್ಫ್ ಕೀಸ್ಲಿಂಗ್, ಇವಾ ಕ್ಲೈನ್ ಮತ್ತು ಹಾನ್ಸ್ ವಿಗ್ಸೆಲ್ ಇಲಿಗಳಲ್ಲಿ ಈ ಕೋಶಗಳನ್ನು ಗುರುತಿಸಿ ಹೆಸರಿಟ್ಟರು. ಮೊದಲೇ ಪರಿಚಯವಿಲ್ಲದ ಕ್ಯಾನ್ಸರ್ ಕೋಶಗಳನ್ನೂ ಇವು ಕೊಲ್ಲುತ್ತಿದ್ದವು. ಹೇಗೆ ಎಂಬುದು ಮಾತ್ರ ಒಗಟಾಗಿತ್ತು.

ಅದೇ ಸಂಸ್ಥೆಯ ಸಂಶೋಧನಾ ವಿದ್ಯಾರ್ಥಿ ಕ್ಲಾಸ್ ಕೆರ್ರೆ 1981ರ ತಮ್ಮ ಪ್ರಬಂಧದಲ್ಲಿ ಒಂದು ಊಹೆ ಮುಂದಿಟ್ಟರು. ಎನ್‌ಕೆ ಕೋಶಗಳು ಹುಡುಕುವುದು ಶತ್ರುವಿನ ಗುರುತನ್ನಲ್ಲ. 'ನಮ್ಮವರು' ಎಂಬ ಗುರುತು ಕಾಣೆಯಾದಾಗ ಅವು ಎಚ್ಚರಗೊಳ್ಳುತ್ತವೆ. ಆ ಗುರುತು ಕಳೆದುಕೊಂಡ ಕ್ಯಾನ್ಸರ್ ಕೋಶಗಳನ್ನು ಇಲಿಗಳಿಗೆ ಚುಚ್ಚಿ ನೋಡಿದಾಗ ಊಹೆ ನಿಜವಾಯಿತು. ಈ ಫಲಿತಾಂಶ 1986ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಮನುಷ್ಯರಲ್ಲಿ ಆ ಗುರುತೆಂದರೆ ಎಚ್‌ಎಲ್‌ಎ ಎಂಬ ಪ್ರೋಟೀನುಗಳು. ಕೆಂಪು ರಕ್ತಕಣಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಕೋಶಗಳ ಹೊರಮೈಯಲ್ಲಿ ಇವು ಇರುತ್ತವೆ. ಮನೆಯಿಂದ ಮನೆಗೆ ರಂಗೋಲಿ ಬೇರೆಯಾಗುವಂತೆ ಇವುಗಳ ವಿನ್ಯಾಸವೂ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಕೋಶದೊಳಗಿನ ವೈರಸ್ಸಿನ ಚೂರುಗಳನ್ನು ಹೊರಗೆ ಎತ್ತಿ ತೋರಿಸುವುದೂ ಎಚ್‌ಎಲ್‌ಎ ಕೆಲಸವೇ. ಅದನ್ನು ಕಂಡು 'ಟಿ' ಕೋಶಗಳು ದಾಳಿ ಮಾಡುತ್ತವೆ. ಇದನ್ನು ತಪ್ಪಿಸಲು ಕೆಲವು ವೈರಸ್‌ಗಳು ಎಚ್‌ಎಲ್‌ಎಯನ್ನೇ ಮರೆಮಾಡುತ್ತವೆ. ಆಗ ಟಿ ಕೋಶ ಮೋಸಹೋಗುತ್ತದೆ. ರಂಗೋಲಿ ಇಲ್ಲದ ಬಾಗಿಲು ಎನ್‌ಕೆ ಕೋಶದ ಕಣ್ಣಿಗೆ ಬೀಳುತ್ತದೆ.

ಒಂದೇ ಅಕ್ಷರದ ವ್ಯತ್ಯಾಸ

ಮನುಷ್ಯರ ಎನ್‌ಕೆ ಕೋಶಗಳ ಈ 'ಕಣ್ಣು'ಗಳನ್ನು 1990ರ ಸುಮಾರಿಗೆ ಗುರುತಿಸಿದವರಲ್ಲಿ ಪ್ರಮುಖರು ಇಟಲಿಯ ಅಲೆಸ್ಸಾಂಡ್ರೊ ಮತ್ತು ಲೊರೆಂಝೊ ಮೊರೆಟ್ಟಾ ಸಹೋದರರು. 1995ರಲ್ಲಿ ಇವುಗಳ ವಂಶವಾಹಿಗಳು ಪತ್ತೆಯಾದವು. ಇವೆಲ್ಲ ಸೇರಿ ಕೆಐಆರ್ ಕುಟುಂಬ. 19ನೆಯ ವರ್ಣತಂತುವಿನಲ್ಲಿ ಸಾಲಾಗಿ ಕುಳಿತಿವೆ.

ಕೆಐಆರ್2ಡಿಎಲ್1 ಹೆಸರು ಬೆದರಿಸುವಂತಿದ್ದರೂ ಅರ್ಥ ಸರಳ. '2ಡಿ' ಎಂದರೆ ಕೋಶದ ಹೊರಗೆ ಚಾಚಿದ ಎರಡು ಭಾಗಗಳು. 'ಎಲ್' ಎಂದರೆ ಒಳಗಿರುವ ಉದ್ದನೆಯ ಬಾಲ. ಹೊರಗಿನ ಭಾಗ ಎಚ್‌ಎಲ್‌ಎ-ಸಿ ಪ್ರೋಟೀನನ್ನು ಮುಟ್ಟಿ ನೋಡುತ್ತದೆ. ಆ ಪ್ರೋಟೀನಿನ 80ನೆಯ ಸ್ಥಾನದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲವಿದ್ದರೆ ಅದು 'ಸಿ2' ಗುಂಪು. ಅದನ್ನು ಕಂಡೊಡನೆ ಬಾಲವು "ಬಿಡು, ನಮ್ಮವರೇ" ಎಂದು ಒಳಗೆ ಸಂದೇಶ ಕಳಿಸುತ್ತದೆ. ಅದೇ ಸ್ಥಾನದಲ್ಲಿ ಆಸ್ಪರಾಜಿನ್ ಇದ್ದರೆ 'ಸಿ1' ಗುಂಪು. ಇದನ್ನು ಗುರುತಿಸಲು ಕೆಐಆರ್ ಕುಟುಂಬದ ಬೇರೆ ಸದಸ್ಯರಿದ್ದಾರೆ.

ತಾಯಿಯ ಮಜ್ಜೆ, ಮಗುವಿನ ಜೀವ

ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಬಂದ ಮಗುವಿಗೆ ಕೆಲವೊಮ್ಮೆ ಅಸ್ಥಿಮಜ್ಜೆಯ ಕಸಿ ಬೇಕಾಗುತ್ತದೆ. ಒಡಹುಟ್ಟಿದ ಒಬ್ಬರ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಮಗುವಿರುವ ಮನೆಯಲ್ಲಿ ಆ ದಾರಿಯೂ ಇಲ್ಲ. ಎಚ್‌ಎಲ್‌ಎ ವಂಶವಾಹಿಗಳಿರುವ 6ನೆಯ ವರ್ಣತಂತು ತಾಯಿಯಿಂದ ಒಂದು, ತಂದೆಯಿಂದ ಒಂದು ಬರುವುದರಿಂದ ಹೆತ್ತವರದು ಸಾಮಾನ್ಯವಾಗಿ ಅರ್ಧ ಹೊಂದಿಕೆ. ಈ ಅರ್ಧ ಹೊಂದಿಕೆ ದೀರ್ಘಕಾಲ ದೊಡ್ಡ ಕೊರತೆಯೆಂದೇ ಎಣಿಕೆಯಾಗಿತ್ತು.

2002ರಲ್ಲಿ ಇಟಲಿಯ ಪೆರೂಜಾದಿಂದ ಲೊರೆಡಾನಾ ರುಜ್ಜೇರಿ, ಆಂಡ್ರಿಯಾ ವೆಲಾರ್ಡಿ ಮತ್ತು ಸಂಗಡಿಗರು ಬೇರೊಂದು ಸುದ್ದಿ ತಂದರು. ತಾಯಿಯಲ್ಲಿ ಸಿ1, ಸಿ2 ಎರಡೂ ಇವೆ, ಮಗುವಿನಲ್ಲಿ ಸಿ1 ಮಾತ್ರ ಇದೆ ಎನ್ನೋಣ. ತಾಯಿಯ ಮಜ್ಜೆಯಿಂದ ಹುಟ್ಟಿದ, ಕೆಐಆರ್2ಡಿಎಲ್1 ಹೊತ್ತ ಎನ್‌ಕೆ ಕೋಶಗಳು ಮಗುವಿನ ದೇಹದಲ್ಲಿ ಸಿ2ಗಾಗಿ ಹುಡುಕುತ್ತವೆ. ಸಿಗದಿದ್ದಾಗ ಅಳಿದುಳಿದ ಕ್ಯಾನ್ಸರ್ ಕೋಶಗಳ ಮೇಲೆರಗುತ್ತವೆ. ಮಗುವಿನ ಇತರ ಅಂಗಗಳು ಹೆಚ್ಚಾಗಿ ಪಾರಾಗುತ್ತವೆ. ಏಕೆಂದರೆ ಕೊಲ್ಲಲು ತಡೆ ಇಲ್ಲದಿರುವುದಷ್ಟೇ ಸಾಲದು, 'ಇಲ್ಲೇನೋ ಕೆಟ್ಟಿದೆ' ಎಂಬ ಸೂಚನೆಯೂ ಬೇಕು.

'ಅಕ್ಯೂಟ್ ಮೈಲಾಯ್ಡ್' ಎಂಬ ಬಗೆಯ ಲ್ಯುಕೇಮಿಯಾದಲ್ಲಿ, ಇಂಥ ವ್ಯತ್ಯಾಸವಿದ್ದ ದಾನಿಗಳಿಂದ ಕಸಿ ಪಡೆದವರಿಗೆ ರೋಗ ಮರುಕಳಿಸುವುದು ಬಹಳ ಕಡಿಮೆಯಾದದ್ದನ್ನು ಪೆರೂಜಾದ ತಂಡ ಕಂಡಿತು. ಎಲ್ಲ ಕೇಂದ್ರಗಳಲ್ಲಿ ಇದೇ ಫಲ ಸಿಗಲಿಲ್ಲ. ಕಸಿ ಮಾಡುವ ವಿಧಾನ ಮತ್ತು ರೋಗದ ಬಗೆಯನ್ನು ಅವಲಂಬಿಸಿ ಲಾಭ ಹೆಚ್ಚು ಕಡಿಮೆಯಾಗುತ್ತದೆ. ಆದರೂ ಅರ್ಧ ಹೊಂದುವ ದಾನಿಗಳನ್ನು ಆರಿಸುವಾಗ ಕೆಲವು ವೈದ್ಯರು ಈಗ ಇದನ್ನೂ ಗಮನಿಸುತ್ತಾರೆ.

ಪರೀಕ್ಷೆಯ ವರದಿ ಹಿಡಿದು "ನನ್ನದು ಅರ್ಧ ಮಾತ್ರ ಹೊಂದುತ್ತದಂತೆ" ಎಂದು ಕಣ್ಣೀರಿಡುವ ತಾಯಿಗೆ ಇಷ್ಟನ್ನು ಹೇಳಬಹುದು: ಹೊಂದದ ಆ ಇನ್ನರ್ಧವೂ ಕೆಲವೊಮ್ಮೆ ಮಗುವಿನ ಪರವಾಗಿ ಹೋರಾಡುತ್ತದೆ.